ಒಂದೇ ಕೋಷ್ಟಕ, ಆರು ಪಿ-ಮೌಲ್ಯ: ಪ್ರಬಂಧದಲ್ಲಿ ಯಾವುದನ್ನು ಬರೆಯಲಿ?

ಮೆಣಸುಬಳ್ಳಿ:

ಎಲ್ಲರಿಗೂ ನಮಸ್ಕಾರ. ತೋಟಗಾರಿಕೆಯಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪ್ರಬಂಧ ಸಲ್ಲಿಸಲು ಇನ್ನು ಆರು ವಾರವಿದೆ. ಒಂದು ಪುಟ್ಟ ಕೋಷ್ಟಕದಲ್ಲಿ ಸಿಕ್ಕಿಬಿದ್ದಿದ್ದೇನೆ.

ಪ್ರಯೋಗ ಇಷ್ಟೇ. ಬೇರು ಬಿಟ್ಟ ಕಾಳುಮೆಣಸಿನ 24 ಕುಡಿಗಳನ್ನು ಪಾಲಿಥಿನ್ ಚೀಲಗಳಲ್ಲಿ ನೆಟ್ಟೆ. 12 ಚೀಲಗಳ ಮಣ್ಣಿಗೆ ಟ್ರೈಕೋಡರ್ಮಾ (ರೋಗ ತಡೆಯಲು ಔಷಧಿಯಂತೆ ಬಳಸುವ ಶಿಲೀಂಧ್ರ) ಬೆರೆಸಿದೆ, ಉಳಿದ 12ಕ್ಕೆ ಇಲ್ಲ. ಎಲ್ಲಕ್ಕೂ ಸೊರಗು ರೋಗ ತರುವ ಫೈಟಾಫ್ತೊರಾ ಹಾಕಿ ಕಾದೆ. ಟ್ರೈಕೋಡರ್ಮಾ ಇದ್ದ ಚೀಲಗಳಲ್ಲಿ 9 ಬದುಕಿದವು, 3 ಸತ್ತವು. ಇಲ್ಲದ ಚೀಲಗಳಲ್ಲಿ 4 ಬದುಕಿದವು, 8 ಸತ್ತವು.

ಎಸ್‌ಪಿಎಸ್‌ಎಸ್‌ನಲ್ಲಿ (ಸಂಖ್ಯಾಶಾಸ್ತ್ರದ ತಂತ್ರಾಂಶ) ಹಾಕಿದರೆ ಒಂದೇ ಪಟ್ಟಿಯಲ್ಲಿ ಇಷ್ಟೂ ಪಿ-ಮೌಲ್ಯ, ಅಂದರೆ ಟ್ರೈಕೋಡರ್ಮಾದಿಂದ ಏನೂ ವ್ಯತ್ಯಾಸವಾಗದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ, ಬರುತ್ತವೆ:

ಪಿಯರ್ಸನ್ ಕೈಸ್ಕ್ವೇರ್ .041
ಕಂಟಿನ್ಯುಟಿ ಕರೆಕ್ಷನ್ .101
ಲೈಕ್ಲಿಹುಡ್ ರೇಷಿಯೋ .037
ಫಿಷರ್ ಎಕ್ಸಾಕ್ಟ್, ಎರಡು ಬದಿ .100
ಫಿಷರ್ ಎಕ್ಸಾಕ್ಟ್, ಒಂದು ಬದಿ .050
ಲೀನಿಯರ್ ಬೈ ಲೀನಿಯರ್ .045

"ಎರಡು ಮನೆಗಳಲ್ಲಿ ಐದಕ್ಕಿಂತ ಕಡಿಮೆ ಇದೆ, ಫಿಷರ್ ಹಾಕು" ಎನ್ನುತ್ತಾರೆ ಮಾರ್ಗದರ್ಶಕರು. .05ಕ್ಕಿಂತ ಕಡಿಮೆ ಬಂದರೆ ಮಾತ್ರ ಔಷಧಿ ಫಲಿಸಿತು ಎಂದು ಒಪ್ಪುತ್ತಾರೆ. ಫಿಷರ್ ಹಾಕಿದರೆ ಪ್ರಬಂಧವೇ ಬಿದ್ದುಹೋಗುತ್ತದೆ. ಕೈಸ್ಕ್ವೇರ್ ಹಾಕಿದರೆ ನಿಲ್ಲುತ್ತದೆ. ಯಾವುದು ಸರಿ?

ಕೋಡುಬಳೆ:

ಮೊದಲು ಒಂದು ಗಲಾಟೆ ಮುಗಿಸೋಣ. "ಐದಕ್ಕಿಂತ ಕಡಿಮೆ" ಎಂಬ ನಿಯಮ ಕಂಡ ಸಂಖ್ಯೆಯದ್ದಲ್ಲ, ನಿರೀಕ್ಷಿತ ಸಂಖ್ಯೆಯದ್ದು. ಔಷಧಿಯಿಂದ ಏನೂ ವ್ಯತ್ಯಾಸವಾಗದಿದ್ದರೆ ಆ ಮನೆಯಲ್ಲಿ ಎಷ್ಟಿರಬೇಕಿತ್ತು ಎಂಬ ಸಂಖ್ಯೆ ಅದು. ನಿಮ್ಮಲ್ಲಿ ಒಟ್ಟು 13 ಬದುಕಿವೆ, 11 ಸತ್ತಿವೆ. ಎರಡೂ ಗುಂಪಿನಲ್ಲಿ ಹನ್ನೆರಡೇ ಇರುವುದರಿಂದ ನಿರೀಕ್ಷಿತ ಸಂಖ್ಯೆ 6.5 ಮತ್ತು 5.5. ಒಂದು ಮನೆಯೂ 5ಕ್ಕಿಂತ ಕೆಳಗಿಲ್ಲ. ಎಸ್‌ಪಿಎಸ್‌ಎಸ್ ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಇರುತ್ತದೆ, ಓದಿ. "0 ಮನೆಗಳು, ಕನಿಷ್ಠ 5.50" ಎಂದೇ ಇರಬೇಕು.

1954ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾಕ್ರನ್ ಕೊಟ್ಟ ಸಲಹೆಯೂ ಹೀಗೇ ಇದೆ. ಒಟ್ಟು ಸಂಖ್ಯೆ 20ಕ್ಕಿಂತ ಕಡಿಮೆ ಇದ್ದರೆ ಫಿಷರ್. 20ರಿಂದ 40ರ ನಡುವೆ ಇದ್ದು ಯಾವುದಾದರೂ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಇಳಿದರೂ ಫಿಷರ್. ನಿಮ್ಮದು 24, ಕನಿಷ್ಠ 5.5. ಅಂದರೆ ನಿಮ್ಮ ಮಾರ್ಗದರ್ಶಕರು ಹೇಳಿದ ಕಾರಣ ತಪ್ಪು. ಅವರು ಹೇಳಿದ ಪರೀಕ್ಷೆ ತಪ್ಪೋ ಅಲ್ಲವೋ ಎಂಬುದು ಬೇರೆ ಮಾತು.

ಮೆಣಸುಬಳ್ಳಿ:

ಹೌದು ಸರ್, ಟಿಪ್ಪಣಿ ಹಾಗೆಯೇ ಇದೆ. ಇಷ್ಟು ದಿನ ನೋಡಿಯೇ ಇರಲಿಲ್ಲ. ಹಾಗಾದರೆ .041 ಬರೆಯಬಹುದೇ?

ಆಸ್ಪತ್ರೆ ಬೆಂಚು:

ನಿಧಾನ. ಆ ಪ್ರಶ್ನೆಯ ಹಿಂದಿರುವ ಆಸೆ ಇಲ್ಲಿಯವರೆಗೂ ಕಾಣಿಸುತ್ತಿದೆ.

ನಾನು ಸಂಖ್ಯಾಶಾಸ್ತ್ರದ ಕೆಲಸ ಮಾಡುವುದು ಆಸ್ಪತ್ರೆಯೊಂದರಲ್ಲಿ. ವಾರಕ್ಕೆ ಮೂರು ಮಂದಿಯಾದರೂ ಇಂಥ ಕೋಷ್ಟಕ ಹಿಡಿದು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಎಲ್ಲರ ಪ್ರಶ್ನೆಯೂ "ಯಾವುದು ಸರಿ" ಎಂದು ಶುರುವಾಗಿ "ಇದನ್ನು ಬರೆಯಬಹುದೇ" ಎಂದು ಮುಗಿಯುತ್ತದೆ. ಪಟ್ಟಿಯಲ್ಲಿರುವ ಆರು ಸಂಖ್ಯೆಗಳನ್ನೂ ನೋಡಿದ ಮೇಲೆ ಒಂದನ್ನು ಆರಿಸಿಕೊಂಡರೆ ಆ ಸಂಖ್ಯೆಗೆ ಮೊದಲಿನ ಅರ್ಥ ಉಳಿಯುವುದಿಲ್ಲ. ನಿಮ್ಮ ಪ್ರಸ್ತಾವನೆಯಲ್ಲಿ ಯಾವ ಪರೀಕ್ಷೆ ಎಂದು ಬರೆದಿದ್ದಿರಿ?

ಮೆಣಸುಬಳ್ಳಿ:

"ಸೂಕ್ತ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳನ್ನು ಬಳಸಲಾಗುವುದು" ಎಂದು.

ಆಸ್ಪತ್ರೆ ಬೆಂಚು:

ಎಲ್ಲರೂ ಅದನ್ನೇ ಬರೆಯುತ್ತಾರೆ. ಆ ವಾಕ್ಯವನ್ನು ನಿಷೇಧಿಸಿದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಅಂಕಿ ಅಜ್ಜಿ:

ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಈ ತಮ್ಮ ಯಾವುದನ್ನು ಬರೆಯಬೇಕು ಎಂಬುದು ಆಮೇಲೆ ಇರಲಿ. .100 ಎಂಬುದು ಎಲ್ಲಿಂದ ಹುಟ್ಟಿತು ಎಂದು ಒಮ್ಮೆ ಕೈಯಲ್ಲೇ ಎಣಿಸೋಣ. ಫಿಷರ್ ಪರೀಕ್ಷೆಯಲ್ಲಿ ಮುಚ್ಚುಮರೆ ಇಲ್ಲ, ಬರೀ ಎಣಿಕೆ.

ಟ್ರೈಕೋಡರ್ಮಾದಿಂದ ಏನೂ ಪ್ರಯೋಜನವಿಲ್ಲ ಎಂದುಕೊಳ್ಳಿ. ಆಗ ಆ 24 ಕುಡಿಗಳಲ್ಲಿ ಬದುಕುವ 13 ಯಾವ ಚೀಲದಲ್ಲಿದ್ದರೂ ಬದುಕುತ್ತಿದ್ದವು, ಸಾಯುವ 11 ಹೇಗಿದ್ದರೂ ಸಾಯುತ್ತಿದ್ದವು. ನೀವು ಮಾಡಿದ್ದು 24ರಲ್ಲಿ 12ಕ್ಕೆ ಔಷಧಿ ಹಾಕಿದ್ದು ಮಾತ್ರ. 24ರಲ್ಲಿ 12ನ್ನು ಆರಿಸಲು 27,04,156 ಬಗೆಗಳಿವೆ. ಅವುಗಳಲ್ಲಿ ಎಷ್ಟು ಬಗೆಗಳಲ್ಲಿ, ಬದುಕುವ ಕುಡಿಗಳು 9 ಅಥವಾ ಹೆಚ್ಚು ಔಷಧಿಯ ಗುಂಪಿಗೇ ಬೀಳುತ್ತವೆ?

ಸರಿಯಾಗಿ 9 ಬೀಳುವುದು: 13ರಲ್ಲಿ 9ನ್ನು ಆರಿಸುವ 715 ಬಗೆ, 11ರಲ್ಲಿ 3ನ್ನು ಆರಿಸುವ 165 ಬಗೆ. ಗುಣಿಸಿದರೆ 1,17,975.
10 ಬೀಳುವುದು: 286 ಗುಣಿಸು 55, ಅಂದರೆ 15,730.
11 ಬೀಳುವುದು: 78 ಗುಣಿಸು 11, ಅಂದರೆ 858.
12ಕ್ಕೆ 12ರೂ ಬೀಳುವುದು: 13 ಬಗೆ.

ಕೂಡಿದರೆ 1,34,576. ಇದನ್ನು 27,04,156ರಿಂದ ಭಾಗಿಸಿ: 0.0498. ನಿಮ್ಮ ಪಟ್ಟಿಯ ಒಂದು ಬದಿಯ .050 ಇದೇ. ಮೂರು ದಶಮಾಂಶಕ್ಕೆ ದುಂಡಾಗಿಸಿದ್ದರಿಂದ ಹೊಸ್ತಿಲ ಮೇಲೆ ಕೂತಂತೆ ಕಾಣುತ್ತದೆ. ಎದುರು ಬದಿಯಲ್ಲೂ, ಅಂದರೆ ಔಷಧಿಯ ಗುಂಪಿನಲ್ಲಿ 4 ಅಥವಾ ಕಡಿಮೆ ಬದುಕುವ ಬಗೆಗಳೂ, ಅಷ್ಟೇ ಇವೆ. ಎರಡೂ ಸೇರಿದರೆ 0.0995. ಅದೇ .100.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹುಡುಗರಿಂದ ಲಾಗರಿದಮ್ ಪುಸ್ತಕ ಹಿಡಿಸಿ ಮಾಡಿಸುತ್ತಿದ್ದೆ. ಶಪಿಸುತ್ತಿದ್ದರು. ಆದರೆ ಒಬ್ಬರೂ "ಯಾವುದನ್ನು ಬರೆಯಲಿ" ಎಂದು ಕೇಳಿದವರಲ್ಲ.

ಕೋಡುಬಳೆ:

ಅಜ್ಜಿಯ ಎಣಿಕೆಯನ್ನು ಎಕ್ಸೆಲ್‌ನಲ್ಲೂ ನೋಡಬಹುದು. ಫಿಷರ್ ಎಂಬ ಗುಂಡಿ ಅದರಲ್ಲಿಲ್ಲ, ಆದರೆ ಹೈಪ್‌ಜಿಯೋಮ್.ಡಿಸ್ಟ್ ಎಂಬ ಸೂತ್ರವಿದೆ. 8, 12, 13, 24, ಟ್ರೂ ಎಂದು ಕ್ರಮವಾಗಿ ಕೊಟ್ಟು, ಬಂದದ್ದನ್ನು 1ರಿಂದ ಕಳೆಯಿರಿ. 0.0498 ಬರುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪು ಮಾಡುವಾಗ ಇಂಗ್ಲಿಷಿನಲ್ಲೇ ಹಾಕಿ. ಹಿಂದೊಮ್ಮೆ ಒಬ್ಬರು ಕನ್ನಡದಲ್ಲೇ ಟೈಪು ಮಾಡಿ ನನ್ನನ್ನು ಬೈದಿದ್ದರು.)

ಆರ್‌ನಲ್ಲಿ (ಇದೂ ಸಂಖ್ಯಾಶಾಸ್ತ್ರದ ತಂತ್ರಾಂಶ) ಫಿಷರ್.ಟೆಸ್ಟ್ ಎಂಬ ಆಜ್ಞೆ. ಒಳಗೆ ಮ್ಯಾಟ್ರಿಕ್ಸ್, ಅದಕ್ಕೆ 9, 4, 3, 8. ಆರ್ ಕಂಬಸಾಲಿನ ಪ್ರಕಾರ ತುಂಬಿಕೊಳ್ಳುತ್ತದೆ, ಆದ್ದರಿಂದ ಮೊದಲು ಬದುಕಿದ ಎರಡು ಸಂಖ್ಯೆ, ಆಮೇಲೆ ಸತ್ತ ಎರಡು. ಅಡ್ಡಸಾಲು, ಕಂಬಸಾಲು ಅದಲುಬದಲಾದರೆ ಪಿ-ಮೌಲ್ಯಕ್ಕೆ ಏನೂ ಆಗುವುದಿಲ್ಲ. ಆದರೆ 9, 8, 3, 4 ಎಂದು ಹಾಕಿಬಿಟ್ಟರೆ ಅದು ಬೇರೆಯೇ ಕೋಷ್ಟಕ.

ಮೆಣಸುಬಳ್ಳಿ:

ಆರ್‌ನಲ್ಲಿ ಮಾಡಿದೆ. ಪಿ-ಮೌಲ್ಯ 0.0995, ಸರಿ. ಆದರೆ ಆಡ್ಸ್ ರೇಷಿಯೋ (ಬದುಕಿದವು-ಸತ್ತವುಗಳ ಅನುಪಾತ ಒಂದು ಗುಂಪಿನಲ್ಲಿ ಇನ್ನೊಂದರ ಎಷ್ಟು ಪಟ್ಟು ಎಂಬುದು) ಸುಮಾರು 5.5 ತೋರಿಸುತ್ತಿದೆ. ನಾನು ಕೈಯಲ್ಲಿ ಮಾಡಿದರೆ 9 ಗುಣಿಸು 8, ಭಾಗಿಸು 3 ಗುಣಿಸು 4, ಸರಿಯಾಗಿ 6. ಸಹಪಾಠಿಯೊಬ್ಬಳು ಪೈಥಾನ್‌ನಲ್ಲಿ ಮಾಡಿದಳು, ಅವಳಿಗೂ 6. ಆರ್ ತಪ್ಪೇ?

ಕೋಡುಬಳೆ:

ಈ ಪ್ರಶ್ನೆ ಆರು ತಿಂಗಳಿಗೊಮ್ಮೆ ಬರುತ್ತದೆ. ಎರಡೂ ಸರಿ, ಲೆಕ್ಕ ಬೇರೆ. ಪೈಥಾನ್ ಜೊತೆ ಬಳಸುವ ಸೈಪೈನ ಫಿಷರ್ ಆಜ್ಞೆ ನೀವು ಮಾಡಿದ ಅಡ್ಡ ಗುಣಾಕಾರವನ್ನೇ ಕೊಡುತ್ತದೆ. ಆರ್ ಹಾಗಲ್ಲ. ಅಂಚಿನ ಮೊತ್ತಗಳು, ಅಂದರೆ 12, 12, 13, 11, ಹೀಗೇ ಇರಲಿ ಎಂದು ಕಟ್ಟಿಹಾಕಿ, ಆ ಕಟ್ಟಿನೊಳಗೆ 9 ಎಂಬ ಸಂಖ್ಯೆಗೆ ಅತಿ ಹೆಚ್ಚು ಹೊಂದುವ ಆಡ್ಸ್ ರೇಷಿಯೋ ಯಾವುದು ಎಂದು ಹುಡುಕುತ್ತದೆ. ಅದು ಸಾಮಾನ್ಯವಾಗಿ 1ರ ಕಡೆಗೆ ಸ್ವಲ್ಪ ಸರಿದಿರುತ್ತದೆ. ಪ್ರಬಂಧದಲ್ಲಿ ಯಾವುದನ್ನು ಬರೆದರೂ ಯಾವ ಬಗೆಯದ್ದು ಎಂದು ಒಂದು ಮಾತು ಸೇರಿಸಿ. ಜೊತೆಗೆ ವಿಶ್ವಾಸಾಂತರವನ್ನೂ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಹಾಕಿ. ನಿಮಗೆ ಆರ್ ಕೊಡುವುದು ಬಹಳ ಅಗಲವಾಗಿರುತ್ತದೆ, 1, ಅಂದರೆ ವ್ಯತ್ಯಾಸವೇ ಇಲ್ಲ ಎಂಬುದು, ಅದರೊಳಗೇ ಇರುತ್ತದೆ.

ರಾತ್ರಿಪಾಳಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ನರ್ಸಿಂಗ್ ಉಪನ್ಯಾಸಕಿ. ಎಸ್‌ಪಿಎಸ್‌ಎಸ್‌ನಲ್ಲಿ ಇದೇ ರೀತಿ ನಾಲ್ಕು ಸಂಖ್ಯೆ ಹಾಕಿದರೆ ನನಗೆ ಯಾವಾಗಲೂ ಪಿ-ಮೌಲ್ಯ 1.000 ಬರುತ್ತದೆ. ಏನು ಹಾಕಿದರೂ 1.000.

ಆಸ್ಪತ್ರೆ ಬೆಂಚು:

ವೇಟ್ ಕೇಸಸ್ ಮಾಡಿಲ್ಲ ನೀವು. ನಾಲ್ಕು ಸಾಲುಗಳಲ್ಲಿ ಮೊತ್ತ ಹಾಕಿದ್ದೀರಿ, ಅದು ನಾಲ್ಕೇ ನಾಲ್ಕು ರೋಗಿಗಳು ಎಂದುಕೊಂಡು ಪ್ರತಿ ಮನೆಗೂ ಒಬ್ಬೊಬ್ಬರನ್ನು ಹಾಕಿ ಲೆಕ್ಕ ಮಾಡುತ್ತಿದೆ. ಡೇಟಾ ಮೆನುವಿನ ಕೊನೆಯಲ್ಲಿ ವೇಟ್ ಕೇಸಸ್ ಇದೆ. ಸಂಖ್ಯೆಯ ಕಂಬಸಾಲನ್ನು ಅಲ್ಲಿ ಕೊಡಿ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಇದೇ ತಪ್ಪು ಮಾಡಿ, "ಯಾವ ಸಂಬಂಧವೂ ಇಲ್ಲ" ಎಂದು ಹಿರಿಯ ವೈದ್ಯರೊಬ್ಬರಿಗೆ ವರದಿ ಕೊಟ್ಟಿದ್ದೆ. ಅವರು ಕೋಷ್ಟಕದ ಒಟ್ಟು ಮೊತ್ತದ ಮೇಲೆ ಬೆರಳಿಟ್ಟು, "ನನ್ನ ಉಳಿದ ರೋಗಿಗಳೆಲ್ಲಿ?" ಎಂದು ಮಾತ್ರ ಕೇಳಿದರು.

ರಾತ್ರಿಪಾಳಿ:

ಸರಿಹೋಯಿತು! ನಾಲ್ಕು ವರ್ಷಗಳಿಂದ ಸಂಖ್ಯಾಶಾಸ್ತ್ರದವರಿಗೆ ದುಡ್ಡು ಕೊಟ್ಟು ಮಾಡಿಸುತ್ತಿದ್ದೆ.

ಇನ್ನೆರಡು ಪ್ರಶ್ನೆ. ಒಂದು, ನನ್ನ ಹತ್ತಿರ 4 ಅಡ್ಡಸಾಲು 5 ಕಂಬಸಾಲಿನ ಕೋಷ್ಟಕವಿದೆ. ಎಸ್‌ಪಿಎಸ್‌ಎಸ್ ಅದಕ್ಕೆ ಫಿಷರ್ ಕೊಡುವುದೇ ಇಲ್ಲ. ಆರ್‌ನಲ್ಲಿ ಹಾಕಿದರೆ ಎಫ್‌ಎಕ್ಸಾಕ್ಟ್ ಎರರ್ 6, ಎಲ್‌ಡಿಕೀ ಚಿಕ್ಕದಾಯಿತು ಎಂದೇನೋ ಬೈಯುತ್ತದೆ. ಎರಡು, 15 ಮಂದಿ ನರ್ಸ್‌ಗಳಿಗೆ ತರಬೇತಿಯ ಮೊದಲು ಮತ್ತು ನಂತರ ಒಂದೇ ಪ್ರಶ್ನೆ ಕೇಳಿದೆವು. ಅದಕ್ಕೂ ಫಿಷರ್ ಸಾಕಲ್ಲವೇ?

ಕೋಡುಬಳೆ:

ಮೊದಲನೆಯದಕ್ಕೆ ನಾನು. 2×2 ಮೀರಿದ ಕೋಷ್ಟಕಕ್ಕೆ ಈ ಪರೀಕ್ಷೆಯನ್ನು ವಿಸ್ತರಿಸಿದ್ದು ಫ್ರೀಮನ್ ಮತ್ತು ಹಾಲ್ಟನ್, 1951ರಲ್ಲಿ. ಆದರೆ ಕೋಷ್ಟಕ ದೊಡ್ಡದಾದಂತೆ ಎಣಿಸಬೇಕಾದ ಬಗೆಗಳು ಹುತ್ತದಿಂದ ಇರುವೆ ಎದ್ದಂತೆ ಏಳುತ್ತವೆ. ಎಲ್ಲವನ್ನೂ ಒಂದೊಂದಾಗಿ ಬರೆಯದೆ ಜಾಲದ ಹಾದಿಗಳಂತೆ ಹೊಲಿದು ಎಣಿಸುವ ಉಪಾಯವನ್ನು ಮೆಹ್ತಾ ಮತ್ತು ಪಟೇಲ್ 1983ರಲ್ಲಿ ಕೊಟ್ಟರು. ಆರ್ ಒಳಗೆ ಓಡುವುದು ಅದೇ, ಅದರ ಹೆಸರೇ ಎಫ್‌ಎಕ್ಸಾಕ್ಟ್. ಅದಕ್ಕೆ ಬರೆದುಕೊಳ್ಳಲು ಕೊಟ್ಟಿರುವ ಸ್ಲೇಟು ಚಿಕ್ಕದು. ವರ್ಕ್‌ಸ್ಪೇಸ್ ಎಂಬಲ್ಲಿ ಮೊದಲೇ 2,00,000 ಎಂದಿರುತ್ತದೆ. ಅದನ್ನು 2 ಕೋಟಿ ಮಾಡಿ ನೋಡಿ.

ಅದಕ್ಕೂ ಬಗ್ಗದಿದ್ದರೆ ಸಿಮ್ಯುಲೇಟ್.ಪಿ.ವ್ಯಾಲ್ಯೂ ಎಂಬುದನ್ನು ಟ್ರೂ ಮಾಡಿ. ಇಲ್ಲೊಂದು ಬಲೆ ಇದೆ. ಏನೂ ಹೇಳದಿದ್ದರೆ ಅದು 2,000 ಕೋಷ್ಟಕಗಳನ್ನು ಮಾತ್ರ ಎತ್ತುತ್ತದೆ. ನಿಮ್ಮಷ್ಟು ಅಪರೂಪದ ಕೋಷ್ಟಕ ಒಂದೂ ಸಿಗದಿದ್ದರೆ 2,001ರಲ್ಲಿ 1 ಎಂದು ಬರೆಯುತ್ತದೆ, ಅಂದರೆ 0.0004998. ಬೇರೆ ಬೇರೆ ಕೋಷ್ಟಕಗಳಿಗೆ ಇದೇ 0.0004998 ಬಂದದ್ದನ್ನು ಮೂರು ಸಾಲುಗಳಲ್ಲಿ ಅಚ್ಚುಕಟ್ಟಾಗಿ ಬರೆದ ಪ್ರಬಂಧ ನೋಡಿದ್ದೇನೆ. ಎಷ್ಟು ಕೋಷ್ಟಕ ಎತ್ತಬೇಕು ಎಂದು ಹೇಳುವ ಬಿ ಎಂಬುದನ್ನು ಒಂದು ಲಕ್ಷ ಮಾಡಿ, ಸೆಟ್.ಸೀಡ್ ಕೂಡ ಹಾಕಿ. ಇಲ್ಲದಿದ್ದರೆ ನಾಳೆ ಬೇರೆ ಉತ್ತರ ಬಂದು ಪರೀಕ್ಷಕರ ಮುಂದೆ ತೊದಲುತ್ತೀರಿ.

ಎಸ್‌ಪಿಎಸ್‌ಎಸ್‌ನಲ್ಲಿ ಕ್ರಾಸ್‌ಟ್ಯಾಬ್ಸ್ ಒಳಗೆ ಎಕ್ಸಾಕ್ಟ್ ಎಂಬ ಗುಂಡಿ ಇರಬೇಕು. ಕಾಣದಿದ್ದರೆ ನಿಮ್ಮ ಕಾಲೇಜು ಎಕ್ಸಾಕ್ಟ್ ಟೆಸ್ಟ್ಸ್ ಎಂಬ ಭಾಗವನ್ನು ಕೊಂಡಿಲ್ಲ.

ಅಂಕಿ ಅಜ್ಜಿ:

ಎರಡನೆಯದಕ್ಕೆ ನಾನು. ಸಾಲದು, ತಾಯಿ. ಮೊದಲೂ ಅವರೇ, ಆಮೇಲೂ ಅವರೇ. ಫಿಷರ್‌ಗೆ ಎರಡು ಗುಂಪಿನಲ್ಲಿ ಬೇರೆ ಬೇರೆ ಮಂದಿ ಇರಬೇಕು. ನಿಮಗೆ ಬೇಕಾದದ್ದು ಮ್ಯಾಕ್‌ನೆಮಾರ್, ಅದರಲ್ಲೂ ನಿಖರ ರೂಪ. ಉತ್ತರ ಬದಲಿಸದವರನ್ನು ಬದಿಗಿಡಿ. ತಪ್ಪಿನಿಂದ ಸರಿಗೆ ಬಂದವರು ಎಷ್ಟು, ಸರಿಯಿಂದ ತಪ್ಪಿಗೆ ಹೋದವರು ಎಷ್ಟು?

ರಾತ್ರಿಪಾಳಿ:

ಏಳು ಮಂದಿ ಸರಿಗೆ ಬಂದರು. ಒಬ್ಬರು ತಪ್ಪಿಗೆ ಹೋದರು. (ಅವರು ಯಾರೆಂದು ನನಗೆ ಗೊತ್ತು, ತರಬೇತಿಯಲ್ಲಿ ನಿದ್ದೆ ಮಾಡುತ್ತಿದ್ದರು.)

ಅಂಕಿ ಅಜ್ಜಿ:

ಹಾಗಾದರೆ ಎಂಟು ನಾಣ್ಯ ಚಿಮ್ಮಿದಂತೆ. 256 ಬಗೆಗಳಲ್ಲಿ ಎಂಟಕ್ಕೆ ಎಂಟೂ ಒಂದೇ ಮುಖ ಬೀಳುವುದು 1, ಏಳು ಬೀಳುವುದು 8. ಒಂಬತ್ತರ ಎರಡರಷ್ಟು ಹದಿನೆಂಟು, 256ರಿಂದ ಭಾಗಿಸಿದರೆ 0.070. ಆ ನಿದ್ದೆಯ ಹುಡುಗಿ ಎಚ್ಚರವಿದ್ದಿದ್ದರೆ ನಿಮ್ಮ ಲೆಕ್ಕ ಬೇರೆಯಾಗುತ್ತಿತ್ತು.

ಆಸ್ಪತ್ರೆ ಬೆಂಚು:

ಮೆಣಸಿಗೆ ಮರಳೋಣ. ನಾನು ಫಿಷರ್ ವಿರೋಧಿ ಎಂದು ಇಲ್ಲಿ ಹಲವರಿಗೆ ಗೊತ್ತು. ಯಾಕೆ ಎಂದು ಈ ಕೋಷ್ಟಕದಲ್ಲೇ ತೋರಿಸುತ್ತೇನೆ.

ಅಜ್ಜಿ ಎಣಿಸಿದ ಸಂಖ್ಯೆಗಳನ್ನೇ ತೆಗೆದುಕೊಳ್ಳಿ. ಒಟ್ಟು 13 ಬದುಕಿದಾಗ ಔಷಧಿಯ ಗುಂಪಿನಲ್ಲಿ 9 ಬದುಕಿದರೆ ಎರಡು ಬದಿಯ ಪಿ-ಮೌಲ್ಯ 0.0995. 10 ಬದುಕಿದರೆ 0.0123. ನಡುವೆ ಏನೂ ಇಲ್ಲ, ಏಕೆಂದರೆ ಒಂಬತ್ತೂವರೆ ಬಳ್ಳಿ ಬದುಕುವುದಿಲ್ಲ. ಆದ್ದರಿಂದ "0.05ರ ಮಟ್ಟದಲ್ಲಿ ಪರೀಕ್ಷಿಸಿದೆ" ಎಂದು ನೀವು ಬರೆದರೂ ಬಾಗಿಲು ತೆರೆಯುವುದು 0.0123ಕ್ಕೇ. ಐದು ರೂಪಾಯಿ ಟಿಕೆಟ್ ಎಂದು ಬೋರ್ಡು ಹಾಕಿ ಒಂದೂಕಾಲು ರೂಪಾಯಿಯಷ್ಟೇ ದೂರ ಕರೆದೊಯ್ದಂತೆ.

ಇನ್ನೊಂದು ನೋಡಿ. ನಿಯಂತ್ರಣ ಗುಂಪಿನಲ್ಲಿ 4 ಹಾಗೇ ಇದ್ದು, ಔಷಧಿಯ ಗುಂಪಿನಲ್ಲಿ ಸತ್ತ ಮೂರರಲ್ಲಿ ಒಂದೇ ಒಂದು ಬದುಕಿದ್ದರೆ, ಅಂದರೆ 10 ಮತ್ತು 4, ಫಿಷರ್ ಮೌಲ್ಯ 0.036. ಒಂದು ಬಳ್ಳಿಗೆ 0.100ರಿಂದ 0.036.

ಇದಕ್ಕೆ ಮದ್ದು ಹಳೆಯದೇ. 1945ರಲ್ಲಿ ಬಾರ್ನಾರ್ಡ್, ಒಟ್ಟು ಬದುಕಿದವುಗಳ ಸಂಖ್ಯೆಯನ್ನು ಕಟ್ಟಿಹಾಕದ ನಿಖರ ಪರೀಕ್ಷೆ ಕೊಟ್ಟ. 1970ರಲ್ಲಿ ಬೋಶ್ಲೂ, ಫಿಷರ್ ಮೌಲ್ಯವನ್ನೇ ಅಳತೆಗೋಲು ಮಾಡಿಕೊಂಡು ಇನ್ನೊಂದು ರೂಪ ಕೊಟ್ಟ. ಎರಡೂ ಸೈಪೈನಲ್ಲಿವೆ. ಸುಲಭದ್ದು ಬೇಕೆಂದರೆ ಮಿಡ್-ಪಿ: ಕಂಡ ಕೋಷ್ಟಕದ ಸಂಭವದಲ್ಲಿ ಅರ್ಧ ಮಾತ್ರ ಸೇರಿಸಿ. ನಿಮ್ಮ ಕೋಷ್ಟಕಕ್ಕೆ 0.056 ಬರುತ್ತದೆ.

ಅಂಕಿ ಅಜ್ಜಿ:

ಬಾರ್ನಾರ್ಡ್ ಕೆಲವೇ ವರ್ಷಗಳಲ್ಲಿ ತನ್ನ ಪರೀಕ್ಷೆಯನ್ನು ತಾನೇ ಕೈಬಿಟ್ಟ ಎಂಬುದನ್ನೂ ಹೇಳಿ.

ಆಸ್ಪತ್ರೆ ಬೆಂಚು:

ಕೈಬಿಟ್ಟ, ಫಿಷರ್ ವಾದಕ್ಕೆ ಒಪ್ಪಿ. ಅಪ್ಪ ಬಿಟ್ಟುಹೋದನೆಂದರೆ ಮಗುವಿನದೇ ತಪ್ಪೇ, ಮೇಡಂ?

ಅಂಕಿ ಅಜ್ಜಿ:

ಒಳ್ಳೆಯ ಮಾತು. ಆದರೆ ಈ ತಮ್ಮನಿಗೆ ಮಿಡ್-ಪಿ ಹೇಳಿಕೊಟ್ಟು ಏನು ಮಾಡಿದಿರಿ? ಆರು ಸಂಖ್ಯೆ ಹಿಡಿದು ಬಂದವನ ಕೈಗೆ ಏಳನೆಯದು ಕೊಟ್ಟಿರಿ.

ಮೆಣಸುಬಳ್ಳಿ:

ಮೇಡಂ, ಒಂದು ನಿಮಿಷ. ಟ್ರೈಕೋಡರ್ಮಾ ಹಾಕಿದರೆ ಬಳ್ಳಿ ಹೆಚ್ಚು ಬದುಕುತ್ತದೆ ಎಂದೇ ನನ್ನ ಊಹೆ ಇದ್ದದ್ದು. ಹಾಗಿದ್ದರೆ ಒಂದು ಬದಿಯ 0.0498 ಬರೆಯಬಹುದಲ್ಲವೇ? ಅದು ಎರಡು ಬದಿಯದರ ಅರ್ಧ ಅಷ್ಟೇ ಅಲ್ಲವೇ?

ಅಂಕಿ ಅಜ್ಜಿ:

ಅರ್ಧ ಎನ್ನುವುದು ನಿನ್ನ ಕೋಷ್ಟಕದ ಅದೃಷ್ಟ. ಎರಡು ಗುಂಪೂ ಹನ್ನೆರಡೇ ಇದ್ದದ್ದರಿಂದ ಹಾಗಾಯಿತು. ಫಿಷರ್ ತಾನೇ 1935ರಲ್ಲಿ ಬಳಸಿದ ಕೋಷ್ಟಕ ನೋಡು. ಶಿಕ್ಷೆಗೊಳಗಾದವರ ಅವಳಿಗಳ ಬಗ್ಗೆ ಲಾಂಗೆ ಎಂಬ ಜರ್ಮನ್ ವಿಜ್ಞಾನಿ ಕಲೆಹಾಕಿದ ಅಂಕಿಗಳವು. ಒಂದೇ ಅಂಡದ 13 ಅವಳಿಗಳಲ್ಲಿ 10 ಮಂದಿಗೆ ಶಿಕ್ಷೆಯಾಗಿತ್ತು, ಎರಡು ಅಂಡದ 17ರಲ್ಲಿ 2 ಮಂದಿಗೆ. 30ರಲ್ಲಿ 12ನ್ನು ಆರಿಸುವ 8,64,93,225 ಬಗೆಗಳಲ್ಲಿ 10 ಅಥವಾ ಹೆಚ್ಚು ಬೀಳುವವು 40,235. ಒಂದು ಬದಿ 0.000465. ಎದುರು ಬದಿಯಲ್ಲಿ ಅಷ್ಟೇ ಅಪರೂಪದ್ದು ಯಾವುದು ಎಂದರೆ ಸೊನ್ನೆ ಬೀಳುವುದೊಂದೇ, ಅದು 6,188 ಬಗೆ. ಸೇರಿಸಿದರೆ ಎರಡು ಬದಿಯದ್ದು 0.000537. ಎರಡರಷ್ಟಲ್ಲ, ಅದರ ಹತ್ತಿರಕ್ಕೂ ಇಲ್ಲ. ಆರ್ ಮಾಡುವುದು ಹೀಗೆ. ಕೆಲವರು ಸುಮ್ಮನೆ ದ್ವಿಗುಣಿಸುತ್ತಾರೆ. ಅದಕ್ಕೇ ಒಂದೊಂದು ಸಾಫ್ಟ್‌ವೇರ್ ಒಂದೊಂದು ಹೇಳುವುದು.

ಇನ್ನು ಒಂದು ಬದಿ. ಬಳ್ಳಿ ನೆಡುವ ಮೊದಲೇ ಬರೆದಿಟ್ಟಿದ್ದೆಯಾ?

ಮೆಣಸುಬಳ್ಳಿ:

ಇಲ್ಲ.

ಅಂಕಿ ಅಜ್ಜಿ:

ಅಲ್ಲಿಗೆ ಮುಗಿಯಿತು.

ಎಲೆಚುಕ್ಕೆ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಸಸ್ಯರೋಗ ವಿಭಾಗದವನು, ಸಂಖ್ಯಾಶಾಸ್ತ್ರ ಅಷ್ಟಕ್ಕಷ್ಟೆ. ನನಗೆ ತೋಚಿದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ 24 ಚೀಲಗಳನ್ನು ಎಲ್ಲಿ, ಹೇಗೆ ಇಟ್ಟಿದ್ದಿರಿ? ನೀರು ಹೇಗೆ ಹಾಕುತ್ತಿದ್ದಿರಿ?

ಮೆಣಸುಬಳ್ಳಿ:

ನೆರಳುಮನೆಯಲ್ಲಿ ಎರಡು ಟ್ರೇ, ಸರ್. ಟ್ರೈಕೋಡರ್ಮಾದವು ಒಂದರಲ್ಲಿ, ಉಳಿದವು ಇನ್ನೊಂದರಲ್ಲಿ. ಕಲಸಿಹೋಗಬಾರದು ಎಂದು ಹಾಗಿಟ್ಟೆ. ಝಾರಿಯಲ್ಲಿ ಮೇಲಿನಿಂದ ನೀರು.

ಎಲೆಚುಕ್ಕೆ:

ಅಯ್ಯೋ.

ಫೈಟಾಫ್ತೊರಾ ಮಾಮೂಲಿ ಶಿಲೀಂಧ್ರದಂತಲ್ಲ. ಅದರ ಜಂಗಮ ಬೀಜಕಗಳು ನೀರಿನಲ್ಲಿ ಈಜುತ್ತವೆ. ಟ್ರೇಯಲ್ಲಿ ನೀರು ನಿಂತಿತೆಂದರೆ ಒಂದು ಚೀಲದ ತಳದ ತೂತಿನಿಂದ ಪಕ್ಕದ ಚೀಲಕ್ಕೆ ಹೋಗುವುದು ಅದಕ್ಕೆ ಆಟ. ಮೇಲಿನಿಂದ ಹಾಕಿದ ನೀರಿನ ಹನಿ ಸಿಡಿದರೂ ಸಾಕು. ಆ 8 ಕುಡಿಗಳು ಎಂಟು ಬೇರೆ ಬೇರೆ ಸಾವೋ ಅಥವಾ ಒಂದು ಮೂಲೆಯಲ್ಲಿ ಶುರುವಾಗಿ ಪಕ್ಕಪಕ್ಕಕ್ಕೆ ಹಬ್ಬಿದ ಒಂದೇ ರೋಗವೋ ಹೇಗೆ ಹೇಳುತ್ತೀರಿ? ಸತ್ತವು ಪಕ್ಕಪಕ್ಕದಲ್ಲಿದ್ದವೇ?

ಮೆಣಸುಬಳ್ಳಿ:

ಫೋಟೋ ತೆಗೆದು ನೋಡಿದೆ. ಎಂಟರಲ್ಲಿ ಆರು ಒಂದೇ ಕಡೆ ಇವೆ. ಆ ಕಡೆ ಟ್ರೇ ಸ್ವಲ್ಪ ವಾಲಿದೆ.

ಆಸ್ಪತ್ರೆ ಬೆಂಚು:

ನನ್ನ ಮಿಡ್-ಪಿ ವಾಪಸ್ ಪಡೆಯುತ್ತೇನೆ.

ಅಂಕಿ ಅಜ್ಜಿ:

ನನ್ನ ತಪ್ಪೂ ಇದೆ. ಎಣಿಸುವ ಮೊದಲು ಕೇಳಬೇಕಾದ್ದನ್ನು ಕೇಳದೆ ಎಣಿಸಿಬಿಟ್ಟೆ. ಮೂವತ್ತು ವರ್ಷದ ಚಟ.

ತಮ್ಮಾ, ಆ 27,04,156 ಎಲ್ಲಿಂದ ಬಂತು ನೆನಪಿದೆಯಾ? 24ರಲ್ಲಿ ಯಾವ 12ಕ್ಕೆ ಔಷಧಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದೀಯಾ ಎಂದುಕೊಂಡು. ಯಾವ ಹನ್ನೆರಡಕ್ಕಾದರೂ ಬೀಳಬಹುದಿತ್ತು, ಎಲ್ಲಕ್ಕೂ ಸಮಾನ ಅವಕಾಶವಿತ್ತು ಎಂದುಕೊಂಡು. ನೀನು ಆರಿಸಿದ್ದು ಚೀಲವನ್ನಲ್ಲ, ಟ್ರೇಯನ್ನು. ಎರಡು ಟ್ರೇಯಲ್ಲಿ ಒಂದಕ್ಕೆ ಔಷಧಿ ಹಾಕಲು ಬಗೆಗಳು ಎರಡೇ. ಇಲ್ಲವೇ ಈ ಟ್ರೇ, ಇಲ್ಲವೇ ಆ ಟ್ರೇ. ಹಾಗೆ ಎಣಿಸಿದರೆ ಒಂದು ಬದಿಯ ಪಿ-ಮೌಲ್ಯ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಧ್ಯವೇ ಇಲ್ಲ, ಹನ್ನೆರಡಕ್ಕೆ ಹನ್ನೆರಡು ಬದುಕಿ ಆ ಕಡೆ ಹನ್ನೆರಡೂ ಸತ್ತರೂ.

ಚಹಾದ ಕತೆ ಎಲ್ಲರೂ ಹೇಳುತ್ತಾರೆ, ಅರ್ಧ ಹೇಳುತ್ತಾರೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಫಿಷರ್ ಕೆಲಸ ಮಾಡುತ್ತಿದ್ದಾಗ, ಮುರಿಯಲ್ ಬ್ರಿಸ್ಟಲ್ ಎಂಬ ಪಾಚಿ ತಜ್ಞೆ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ರುಚಿಯಲ್ಲೇ ಹೇಳಬಲ್ಲೆ ಎಂದಳು. ಎಂಟು ಕಪ್, ನಾಲ್ಕು ಹಾಗೆ, ನಾಲ್ಕು ಹೀಗೆ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ಬಗೆ, ಎಲ್ಲ ಸರಿಯಾಗುವುದು ಒಂದೇ ಬಗೆ. ಒಂದೊಂದು ತಪ್ಪಾದರೂ ಒಪ್ಪುತ್ತೇವೆಂದರೆ 17 ಬಗೆ, ಅಂದರೆ 0.243, ಆಗ ಏನೂ ಸಾಬೀತಾಗುವುದಿಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆ 70 ಬಗೆಗಳಿಗೆ ಸಮಾನ ಬೆಲೆ ಬರುವುದು ಕಪ್‌ಗಳ ಕ್ರಮವನ್ನು ಚೀಟಿಯಿಂದ ತೀರ್ಮಾನಿಸಿದ್ದಕ್ಕೆ ಎಂಬುದನ್ನು ಬಿಡುತ್ತಾರೆ. ಹಾಲು ಮೊದಲು ಹಾಕಿದ ನಾಲ್ಕನ್ನೂ ಒಂದೇ ತಟ್ಟೆಯಲ್ಲಿಟ್ಟು ತಂದಿದ್ದರೆ ಆಕೆ ಕುಡಿಯುವುದೇ ಬೇಕಿರಲಿಲ್ಲ.

ಮೆಣಸುಬಳ್ಳಿ:

ನಾನು ನಾಲ್ಕು ಕಪ್ ಒಂದೇ ತಟ್ಟೆಯಲ್ಲಿ ತಂದಿದ್ದೇನೆ.

ಎಲೆಚುಕ್ಕೆ:

ಬೇಜಾರು ಬೇಡ. ನಮ್ಮ ವಿಭಾಗದಲ್ಲೂ ಹೀಗೇ ಇಡುತ್ತಾರೆ, ಯಾರೂ ಕೇಳುವುದಿಲ್ಲ. ಕುಡಿ ಇನ್ನೂ ಸಿಗುತ್ತವೆಯೇ? ಪ್ರತಿ ಚೀಲದ ಕೆಳಗೂ ಬೇರೆ ಬಸಿ ಇಡಿ. ಚೀಲಗಳ ನಡುವೆ ಒಂದು ಗೇಣು ಜಾಗ ಬಿಡಿ. ನೀರು ಮೇಲಿನಿಂದ ಬೇಡ, ಲೋಟದಲ್ಲಿ ಬುಡಕ್ಕೆ ಹಾಕಿ.

ಕೋಡುಬಳೆ:

ಚೀಟಿಯ ಕೆಲಸ ಆರ್ ಮಾಡುತ್ತದೆ. ಸ್ಯಾಂಪಲ್ ಎಂಬ ಆಜ್ಞೆಯೊಳಗೆ 1ರಿಂದ 24, ಆಮೇಲೆ 12 ಎಂದು ಕೊಡಿ. ಬಂದ ಹನ್ನೆರಡು ಸಂಖ್ಯೆಯ ಚೀಲಗಳಿಗೆ ಔಷಧಿ. ಸೀಡ್ ಬರೆದಿಟ್ಟುಕೊಳ್ಳಿ.

ಆಸ್ಪತ್ರೆ ಬೆಂಚು:

ಮತ್ತು ಪರೀಕ್ಷೆ ಯಾವುದು ಎಂದು ಇವತ್ತೇ ಒಂದು ಕಾಗದದಲ್ಲಿ ಬರೆದು ತಾರೀಕು ಹಾಕಿ ಮಾರ್ಗದರ್ಶಕರ ಸಹಿ ಹಾಕಿಸಿ. ಬೋಶ್ಲೂ ಬೇಕಾದರೆ ಬೋಶ್ಲೂ, ಫಿಷರ್ ಬೇಕಾದರೆ ಫಿಷರ್. ಚೀಟಿ ಎತ್ತಿದ ಪ್ರಯೋಗಕ್ಕೆ ಫಿಷರ್ ಎಣಿಕೆ ಸರಿಯಾಗಿ ಕೂರುತ್ತದೆ ಎಂದು ಅಜ್ಜಿಯ ಮುಂದೆ ಒಪ್ಪಿಕೊಳ್ಳುತ್ತೇನೆ, ಬೇರೆ ಕಡೆ ಒಪ್ಪುವುದಿಲ್ಲ. ಆದರೆ ಮೊದಲ ಪ್ರಯೋಗವನ್ನು ಎಸೆಯಬೇಡಿ. ಟ್ರೇ ವಾಲಿದ್ದನ್ನೂ ಸೇರಿಸಿ "ಪ್ರಾಥಮಿಕ ವೀಕ್ಷಣೆ" ಎಂದು ಪಿ-ಮೌಲ್ಯವಿಲ್ಲದೆ ಬರೆಯಿರಿ. ಸಾಧ್ಯವಾದರೆ ಈ ಸಲ 24ಕ್ಕಿಂತ ಹೆಚ್ಚು ಚೀಲ ಇಡಿ.

ಮೆಣಸುಬಳ್ಳಿ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಮೊದಲು ರೇಗಿದರು, ಆಮೇಲೆ ಫೋಟೋ ನೋಡಿ ಸುಮ್ಮನಾದರು. ಸಲ್ಲಿಕೆ ಮುಂದೂಡಲು ಅರ್ಜಿಗೆ ಸಹಿ ಹಾಕಿದ್ದಾರೆ. 40 ಕುಡಿ ಸಿಕ್ಕಿವೆ. ಫಿಷರ್, ಎರಡು ಬದಿ ಎಂದು ಬರೆದು ತಾರೀಕು ಹಾಕಿದ್ದೇವೆ. ಆರ್ ಬದಲು ಚೀಟಿಯನ್ನೇ ಎತ್ತಿದೆವು. ಪ್ರಯೋಗಾಲಯದ ಸಹಾಯಕರು ಸ್ಟೀಲ್ ಡಬ್ಬದಿಂದ ಒಂದೊಂದೇ ತೆಗೆದುಕೊಟ್ಟರು, ಲಾಟರಿ ಎಂದುಕೊಂಡು ಅಕ್ಕಪಕ್ಕದ ವಿಭಾಗದವರೂ ಬಂದು ನಿಂತರು.

ಬಸಿ ಮಾತ್ರ ಕ್ಯಾಂಟೀನಿನವರು 34 ಕೊಟ್ಟರು. ಉಳಿದ ಆರಕ್ಕೆ ಡಬ್ಬದ ಮುಚ್ಚಳ ಇಟ್ಟರೆ ನಡೆಯುತ್ತದೆಯೇ?

ಅಂಕಿ ಅಜ್ಜಿ:

ಮುಚ್ಚಳ ಯಾವ ಆರಕ್ಕೆ?

ಮೆಣಸುಬಳ್ಳಿ:

ಕೊನೆಯ ಆರಕ್ಕೆ, ಮೇಡಂ. ಅವೆಲ್ಲ ಔಷಧಿ ಇಲ್ಲದವು.

ಕೋಡುಬಳೆ:

ಆರು ಬಸಿ ಕೊಂಡುಕೊಳ್ಳಪ್ಪಾ. ದುಡ್ಡು ನಾನು ಕಳುಹಿಸುತ್ತೇನೆ.